ನೂರು ವರ್ಷ ಹಳೆಯ ಬೇಸ್‌ಬಾಲ್ ಬ್ಯಾಟ್, ಜೆರ್ಸಿ, ಗ್ಲೌಸ್: ಆಟಗಾರ ನಿಜಕ್ಕೂ ಬಳಸಿದ್ದೇ ಅಂತ ಗುರುತಿಸಿ ಕೊಳ್ಳುವುದು ಹೇಗೆ?

ಬೇಸ್‌ಬಾಲ್‌ನ ದಂತಕತೆ ಬೇಬ್ ರೂತ್ 1932ರ ವರ್ಲ್ಡ್ ಸೀರೀಸ್‌ನ, ಅಂದರೆ ಆ ವರ್ಷದ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಸರಣಿಯ, ಮೂರನೇ ಪಂದ್ಯದಲ್ಲಿ ತೊಟ್ಟಿದ್ದ ಬೂದು ಬಣ್ಣದ ಉಣ್ಣೆ ಜೆರ್ಸಿ 2005ರಲ್ಲಿ 9,40,000 ಡಾಲರ್‌ಗೆ ಮಾರಾಟವಾಗಿತ್ತು. ಅದೇ ಜೆರ್ಸಿ 2024ರ ಆಗಸ್ಟ್‌ನಲ್ಲಿ ಹೆರಿಟೇಜ್ ಹರಾಜಿನಲ್ಲಿ 2 ಕೋಟಿ 41 ಲಕ್ಷ ಡಾಲರ್‌ಗೆ ಹೋಯಿತು. ನಡುವಿನ ಹತ್ತೊಂಬತ್ತು ವರ್ಷದಲ್ಲಿ ಬಟ್ಟೆಗೇನೂ ಆಗಿರಲಿಲ್ಲ. ಮಾರುಕಟ್ಟೆ ಏರಿದ್ದು ಒಂದು ಕಾರಣ, ಸರಿ. ಆದರೆ ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ: ಆ ದಿನ ಮೈದಾನದಲ್ಲಿ ತೆಗೆದ ಫೋಟೊಗಳ ಪಕ್ಕದಲ್ಲಿ ಜೆರ್ಸಿ ಇಟ್ಟು, ಎದೆಯ ಮೇಲಿನ ಅಕ್ಷರ ಎಲ್ಲಿ ಕೂತಿದೆ, ಗುಂಡಿ ಎಲ್ಲಿದೆ ಅಂತ ಒಂದೊಂದನ್ನೇ ಹೋಲಿಸಿ, ಇದು ಅದೇ ಅಂತ ತಜ್ಞರು ತೋರಿಸಿದರು.

ಅಷ್ಟು ದುಡ್ಡು ನನ್ನ ಹತ್ತಿರ ಇಲ್ಲ, ನಿಮ್ಮ ಹತ್ತಿರವೂ ಇರಲಿಕ್ಕಿಲ್ಲ. ಪರವಾಗಿಲ್ಲ. ಕೋಟಿ ಡಾಲರ್‌ನ ಜೆರ್ಸಿಗೂ ನೂರಿನ್ನೂರು ಡಾಲರ್‌ನ ಹಳೇ ಗ್ಲೌಸ್‌ಗೂ ಕೇಳಬೇಕಾದ ಪ್ರಶ್ನೆ ಒಂದೇ. ಮಾರುವವನು ಹೇಳುವ ಕತೆಯನ್ನು ವಸ್ತುವೂ ಹೇಳುತ್ತಿದೆಯಾ? ಮೊದಲು ವಸ್ತುವಿನ ಮಾತು ಕೇಳಿ, ಮಾರುವವನ ಮಾತು ಆಮೇಲೆ. ನಾನು ಅಮೆರಿಕದ ಓಹಾಯೋಗೆ ಬಂದ ಹೊಸದರಲ್ಲಿ ಇದನ್ನು ಉಲ್ಟಾ ಮಾಡಿ ಕೈ ಸುಟ್ಟುಕೊಂಡೆ. ಆ ಕತೆ ಎರಡನೇ ಹೆಜ್ಜೆಯಲ್ಲಿ ಹೇಳುತ್ತೇನೆ.

ಮೊದಲು ಒಂದು ಕಾಲ, ಒಂದು ಬಗೆ ಆರಿಸಿಕೊಳ್ಳಿ

"ಹಳೇ ಬೇಸ್‌ಬಾಲ್ ಸಾಮಾನು" ಅಂತ ಹೊರಟರೆ ಮನೆ ತುಂಬುತ್ತದೆ, ತಲೆಗೇನೂ ಹತ್ತುವುದಿಲ್ಲ. ಕಾಲದ ಗಡಿ ಹಾಕಿಕೊಳ್ಳಿ. ಎಲ್ಲ ಆಟಗಾರರಿಗೂ ಬಹಿರಂಗವಾಗಿ ಸಂಬಳ ಕೊಟ್ಟ ಮೊದಲ ತಂಡ 1869ರ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್. 1876ರಲ್ಲಿ ನ್ಯಾಷನಲ್ ಲೀಗ್ ಬಂತು, 1901ರಲ್ಲಿ ಅಮೆರಿಕನ್ ಲೀಗ್ ದೊಡ್ಡ ಲೀಗ್ ಆಯಿತು. ಈ ಹವ್ಯಾಸದವರು ಹೆಚ್ಚಾಗಿ ಮೂರು ಭಾಗ ಮಾಡಿಕೊಳ್ಳುತ್ತಾರೆ: 1900ಕ್ಕಿಂತ ಮುಂಚೆ, 1900ರಿಂದ 1920, ಮತ್ತು 1920ರಿಂದ ಎರಡನೇ ಮಹಾಯುದ್ಧದವರೆಗೆ. ಮೊದಲನೆಯದರಲ್ಲಿ "ಇದು ಇಂಥ ಆಟಗಾರ ಬಳಸಿದ್ದು" ಅಂತ ನಿರೂಪಿಸುವ ವಸ್ತು ಸಿಗುವುದೇ ಅಪರೂಪ. ಹೊಸಬರಿಗೆ ನಾನು ಮೂರನೆಯದನ್ನೇ ಹೇಳುತ್ತೇನೆ. ಆಗಿನ ಫೋಟೊ ಜಾಸ್ತಿ, ದಾಖಲೆ ಜಾಸ್ತಿ, ತಪ್ಪು ಮಾಡಿದರೂ ಕಲಿಯೋಕೆ ಜಾಗ ಇರುತ್ತದೆ.

ವಸ್ತುಗಳು ಯಾಕೆ ಇಷ್ಟು ಕಡಿಮೆ ಉಳಿದವು ಅನ್ನೋದೂ ಗೊತ್ತಿರಬೇಕು. ಯಾಕೆಂದರೆ ಸುಳ್ಳು ಕತೆಗಳು ಇಲ್ಲೇ ಸಿಕ್ಕಿಬೀಳುತ್ತವೆ. ಆಗ ಯೂನಿಫಾರ್ಮ್ ಅಂದರೆ ಕ್ಲಬ್ಬಿಗೆ ಖರ್ಚು, ನೆನಪಿನ ಕಾಣಿಕೆ ಅಲ್ಲ. ದೊಡ್ಡ ತಂಡದ ಹಳೇ ಜೆರ್ಸಿಗಳು ಮೈನರ್ ಲೀಗ್, ಅಂದರೆ ಕೆಳ ಹಂತದ ಲೀಗ್‌ನ ತಂಡಕ್ಕೆ ಹೋಗುತ್ತಿದ್ದವು, ಅಲ್ಲಿ ಎದೆಯ ಅಕ್ಷರ ಕಿತ್ತು ಬೇರೆ ಹೊಲಿಯುತ್ತಿದ್ದರು, ಅವರೂ ಅದು ಹರಿಯುವ ತನಕ ಹಾಕುತ್ತಿದ್ದರು. ಚೆಂಡಿನ ಕತೆ ಇನ್ನೂ ಬಿಗಿ. ಪ್ರೇಕ್ಷಕರ ಕಡೆ ಹೋದ ಚೆಂಡನ್ನು ವಾಪಸ್ ಕೊಡಬೇಕಿತ್ತು. 1921ರಲ್ಲಿ ನ್ಯೂಯಾರ್ಕ್‌ನ ಪೋಲೊ ಗ್ರೌಂಡ್ಸ್‌ನಲ್ಲಿ ಚೆಂಡು ಕೊಡೋದಿಲ್ಲ ಅಂದ ಒಬ್ಬ ಪ್ರೇಕ್ಷಕನನ್ನು ಹೊರಗೆ ಹಾಕಿದರು, ಅವನು ಕೋರ್ಟಿಗೆ ಹೋಗಿ ಗೆದ್ದ. 1920ರಲ್ಲಿ ರೇ ಚಾಪ್‌ಮನ್ ಎಂಬ ಆಟಗಾರ ತಲೆಗೆ ಚೆಂಡು ಬಿದ್ದು ಸತ್ತ ಮೇಲೆ ಕೊಳೆಯಾದ ಚೆಂಡನ್ನು ಬೇಗ ಬೇಗ ಬದಲಿಸೋದು ಶುರುವಾಯಿತು. ಹಾಗಾಗಿ "1908ರ ಪಂದ್ಯದಲ್ಲಿ ನಮ್ಮ ತಾತ ಸ್ಟ್ಯಾಂಡಿನಲ್ಲಿ ಹಿಡಿದ ಚೆಂಡು" ಅಂತ ಯಾರಾದರೂ ಫಳಫಳ ಹೊಳೆಯುವ ಬಿಳಿ ಚೆಂಡು ತೋರಿಸಿದರೆ, ನಕ್ಕು ಮುಂದೆ ಹೋಗಿ.

ಎರಡನೇ ಹೆಜ್ಜೆ: ಮಾರುವವರ ಮಾತಿನ ಅರ್ಥ

ಜಾಹೀರಾತಿನಲ್ಲಿ ಒಂದು ಪದ ಆಚೀಚೆ ಆದರೆ ಬೆಲೆ ಹತ್ತು ಪಟ್ಟು ಆಚೀಚೆ. "ಗೇಮ್ ಯೂಸ್ಡ್" ಅಂದರೆ ಪಂದ್ಯದಲ್ಲಿ ಬಳಸಿದ್ದು. "ಗೇಮ್ ಇಶ್ಯೂಡ್" ಅಂದರೆ ಆಟಗಾರನಿಗಾಗಿ ಮಾಡಿ ಕೊಟ್ಟದ್ದು, ಬಳಸಿದ್ದಕ್ಕೆ ಗುರುತು ಇಲ್ಲ. "ಪ್ರೊ ಮಾಡೆಲ್" ಅಂದರೆ ವೃತ್ತಿಪರರಿಗೆ ಮಾಡುವ ಗುಣಮಟ್ಟ, ಅಷ್ಟೇ, ಯಾರ ಕೈಗೆ ಹೋಯಿತು ಅಂತ ಹೇಳಿಲ್ಲ. "ಸ್ಟೋರ್ ಮಾಡೆಲ್" ಅಂದರೆ ಅಂಗಡಿಯಲ್ಲಿ ಹುಡುಗರಿಗೆ ಮಾರಿದ್ದು. ಇನ್ನು "ಅಟ್ರಿಬ್ಯೂಟೆಡ್ ಟು" ಅಂತ ಬರೆದಿದ್ದರೆ, "ಅಂತಾರಪ್ಪ, ನಮಗೇನೂ ಗೊತ್ತಿಲ್ಲ" ಅಂತ ಓದಿಕೊಳ್ಳಿ.

ಅಂಗಡಿ ಮಾಲೇ ಎಲ್ಲರನ್ನೂ ಹಳ್ಳಕ್ಕೆ ಬೀಳಿಸುವುದು. ಆ ಕಾಲದ ದೊಡ್ಡ ಆಟಗಾರ ಹೋನಸ್ ವ್ಯಾಗ್ನರ್ 1905ರಲ್ಲಿ ಲೂಯಿವಿಲ್‌ನ ಹಿಲರಿಚ್ ಬ್ಯಾಟ್ ಕಾರ್ಖಾನೆ ಜೊತೆ ಒಪ್ಪಂದ ಮಾಡಿಕೊಂಡು, ತನ್ನ ಸಹಿಯನ್ನು ಬ್ಯಾಟ್ ಮೇಲೆ ಒತ್ತಿ ಮಾರಲು ಬಿಟ್ಟ. ಅಲ್ಲಿಂದ ಮುಂದೆ ದೊಡ್ಡ ಆಟಗಾರರ ಹೆಸರಿನ ಬ್ಯಾಟು, ಗ್ಲೌಸು ಅಮೆರಿಕದ ಊರೂರಿನ ಅಂಗಡಿಯಲ್ಲಿ ಸಿಕ್ಕವು. ನಮ್ಮಲ್ಲಿ ತೆಂಡೂಲ್ಕರ್ ಬ್ಯಾಟಿನ ಸ್ಟಿಕರ್ ನೋಡಿ ಕೊಂಡ ಹುಡುಗರು ಎಷ್ಟು ಜನ ಇದ್ದಾರೋ ಹಾಗೆ. ಆ ಸ್ಟಿಕರ್ ಇದ್ದಮಾತ್ರಕ್ಕೆ ಅದು ತೆಂಡೂಲ್ಕರ್ ಆಡಿದ ಬ್ಯಾಟ್ ಆಗಲ್ಲ, ಅಲ್ವಾ?

ನನ್ನ ಕತೆ ಇಷ್ಟೇ. ಒಂದು ಹಳೇ ಸಾಮಾನಿನ ಮಳಿಗೆಯಲ್ಲಿ ಪ್ರಸಿದ್ಧ ಆಟಗಾರನ ಸಹಿ ಒತ್ತಿದ್ದ ಗ್ಲೌಸ್ ಕಂಡಿತು. ಚರ್ಮ ಕಪ್ಪಾಗಿತ್ತು, ಹಸ್ತದ ಜಾಗ ಸವೆದಿತ್ತು. "ಅವನದೇ, ಅವನ ಊರಿನ ಮನೆಯಿಂದ ಬಂದದ್ದು" ಅಂದ ಮಾರುವವನು. ನಾನು ಆರುನೂರು ಡಾಲರ್ ಎಣಿಸಿದೆ. ಮನೆಗೆ ಬಂದು ಹಳೇ ಬೇಸ್‌ಬಾಲ್ ಗೈಡ್ ತೆರೆದರೆ ಅದೇ ಗ್ಲೌಸ್, ಅದೇ ಸಹಿ, ಬೆಲೆ ಸಮೇತ ಜಾಹೀರಾತಿನಲ್ಲಿ ಕೂತಿದೆ. ಎಲ್ಲಕ್ಕಿಂತ ನಾಚಿಕೆ ಅಂದರೆ, ಗ್ಲೌಸ್ ಸಣ್ಣ ಕೈಗೆ ಮಾಡಿದ್ದು. ನನ್ನ ಕೈಯೇ ಪೂರ್ತಿ ಹೋಗಲಿಲ್ಲ. ಸಹಿ ನೋಡುವ ಭರದಲ್ಲಿ ಅಂಗಡಿಯಲ್ಲೇ ಒಮ್ಮೆ ಕೈ ಹಾಕಿ ನೋಡೋದು ಹೊಳೆಯಲೇ ಇಲ್ಲ. ಆ ಗ್ಲೌಸ್ ಇನ್ನೂ ನನ್ನ ಮೇಜಿನ ಮೇಲಿದೆ. ಅದರೊಳಗೆ ಪೆನ್ನು ಇಡುತ್ತೇನೆ.

ಮೂರನೇ ಹೆಜ್ಜೆ: ಬ್ಯಾಟ್ ಓದುವುದು

ಈ ಹವ್ಯಾಸದಲ್ಲಿ ಬ್ಯಾಟಿನಷ್ಟು ಮಾತಾಡುವ ವಸ್ತು ಇನ್ನೊಂದಿಲ್ಲ. ಮರ ಏನನ್ನೂ ಮರೆಯುವುದಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ಕೂರೋಣ.

ಮೊದಲು ನಡುಭಾಗದ ಮುದ್ರೆ ನೋಡಿ. ಲೂಯಿವಿಲ್‌ನ ಆ ಕಾರ್ಖಾನೆಯ ಹೆಸರು ಕಾಲಕ್ಕೆ ತಕ್ಕ ಹಾಗೆ ಬದಲಾಗಿದೆ. ಮೊದಲು ಜೆ.ಎಫ್. ಹಿಲರಿಚ್ ಅಂಡ್ ಸನ್. 1916ರಲ್ಲಿ ಹಿಲರಿಚ್ ಅಂಡ್ ಬ್ರಾಡ್ಸ್‌ಬಿ ಆಯಿತು. "ಇದು 1910ರ ಬ್ಯಾಟ್" ಅಂತ ಹೇಳಿ ಬ್ರಾಡ್ಸ್‌ಬಿ ಹೆಸರಿನ ಮುದ್ರೆ ತೋರಿಸಿದರೆ ಮಾತು ಅಲ್ಲಿಗೇ ಮುಗಿಯಿತು. ಇಷ್ಟು ಸುಲಭದ ಪರೀಕ್ಷೆಯನ್ನೂ ಎಷ್ಟೋ ಜನ ಮಾಡುವುದಿಲ್ಲ. ಆಮೇಲೆ ಹಿಡಿಯ ತುದಿಯ ಗುಂಡು, ಅಂದರೆ ನಾಬ್ ನೋಡಿ. ಹಳೇ ಬ್ಯಾಟಿನ ನಾಬ್ ಮೇಲೆ 33, 34 ಅಂತ ಉದ್ದದ ಅಂಕೆ ಒತ್ತಿದ್ದರೆ ಅದು ಬಹುಮಟ್ಟಿಗೆ ಅಂಗಡಿ ಮಾಲು, ಗಿರಾಕಿಗೆ ಅಳತೆ ಗೊತ್ತಾಗಲಿ ಅಂತ ಹಾಕಿದ್ದು.

ತೂಕ ಮತ್ತು ಉದ್ದ. ಒಂದು ಅಡುಗೆಮನೆ ತಕ್ಕಡಿ, ಒಂದು ಟೇಪು ಸಾಕು. ಆಗಿನ ವೃತ್ತಿಪರರ ಬ್ಯಾಟ್ ಈಗಿನದಕ್ಕಿಂತ ಭಾರ, 40 ಔನ್ಸ್ ಅಂದರೆ ಒಂದು ಕಿಲೋ ನೂರು ಗ್ರಾಂ ದಾಟಿದ್ದೂ ಮಾಮೂಲು. ಹಿಡಿ ದಪ್ಪ, ತುದಿಯ ಕಡೆಗೆ ಗಾತ್ರ ನಿಧಾನವಾಗಿ ಏರುತ್ತದೆ. ಇಂದಿನ ಬ್ಯಾಟಿನ ಹಾಗೆ ತೆಳ್ಳಗಿನ ಹಿಡಿ, ಉಬ್ಬಿದ ಹೊಟ್ಟೆ ಇದ್ದರೆ ಅನುಮಾನಿಸಿ. 1885ರಿಂದ 1893ರವರೆಗೆ ಒಂದು ಮಗ್ಗುಲು ಚಪ್ಪಟೆ ಇದ್ದ ಬ್ಯಾಟಿಗೂ ಅನುಮತಿ ಇತ್ತು. ನಮ್ಮ ಕ್ರಿಕೆಟ್ ಬ್ಯಾಟಿನ ದೂರದ ನೆಂಟ ಅನ್ನಿಸುವ ಅಂಥದ್ದು ಕೈಗೆ ಸಿಕ್ಕರೆ ಕೆಳಗೆ ಇಡಬೇಡಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಬ್ಯಾಟನ್ನು ನಾಬ್ ನಿಮ್ಮ ಕಡೆ, ಮುದ್ರೆ ಮೇಲಕ್ಕೆ ಬರುವ ಹಾಗೆ ಹಿಡಿಯಿರಿ. ಆಶ್ ಮರದ ಬ್ಯಾಟಿನಲ್ಲಿ ಮುದ್ರೆಯನ್ನು ಎಳೆ ಅಗಲವಾಗಿ ಕಾಣುವ ದುರ್ಬಲ ಮಗ್ಗುಲಲ್ಲಿ ಒತ್ತುತ್ತಾರೆ, ಚೆಂಡು ಅದಕ್ಕೆ ಬಡಿಯಬಾರದು ಅಂತ. ಆಟಗಾರ ಮುದ್ರೆ ಮೇಲಿಟ್ಟು ಹೊಡೆದರೆ ಪೆಟ್ಟು ಪಕ್ಕಕ್ಕೆ ಬೀಳುತ್ತದೆ. ಬಲಗೈ ಬ್ಯಾಟ್ಸ್‌ಮನ್ ಆದರೆ ಚೆಂಡಿನ ಗುರುತು ಮುದ್ರೆಯ ಎಡಕ್ಕೆ ಗುಂಪಾಗಿರುತ್ತವೆ, ಎಡಗೈಯವನಾದರೆ ಬಲಕ್ಕೆ. ಆ ಕಾಲದ ಹೆಸರಾಂತ ಆಟಗಾರರಾದ ಟೈ ಕಾಬ್, ಜೋ ಜಾಕ್ಸನ್, ಬೇಬ್ ರೂತ್ ಮೂವರೂ ಎಡಗೈ ಬ್ಯಾಟ್ಸ್‌ಮನ್‌ಗಳು. ವ್ಯಾಗ್ನರ್ ಬಲಗೈ. ಕಾಬ್‌ನದು ಅಂತ ಮಾರುವ ಬ್ಯಾಟಿನ ಪೆಟ್ಟೆಲ್ಲ ಎಡಕ್ಕೇ ಇದ್ದರೆ ಏನು ಅರ್ಥ? ಕೆಲವರು ಮುದ್ರೆ ಕೆಳಕ್ಕೆ ತಿರುಗಿಸಿ ಹಿಡಿಯುತ್ತಿದ್ದರು, ಪ್ರಾಕ್ಟೀಸಿನಲ್ಲಿ ಜೊತೆಯವರೂ ಅದೇ ಬ್ಯಾಟ್ ಎತ್ತಿಕೊಳ್ಳುತ್ತಿದ್ದರು. ಹಾಗಾಗಿ ಇದೊಂದೇ ತೀರ್ಪಲ್ಲ. ಆದರೆ ಮಾರುವವನಿಗೆ ಈ ಪ್ರಶ್ನೆ ಹಾಕಿ ಅವನ ಮುಖ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಪೆಟ್ಟಿನ ಗುರುತನ್ನು ಭೂತಗನ್ನಡಿಯಲ್ಲಿ ನೋಡಿದರೆ ಕೆಲವೊಮ್ಮೆ ಚೆಂಡಿನ ಹೊಲಿಗೆಯ ಅಚ್ಚು ಕಾಣುತ್ತದೆ, ನೂಲಿನ ಬಣ್ಣವೂ ಅಂಟಿರುತ್ತದೆ. 1934ಕ್ಕಿಂತ ಮೊದಲು ನ್ಯಾಷನಲ್ ಲೀಗ್ ಚೆಂಡಿನ ಹೊಲಿಗೆ ಕೆಂಪು ಕಪ್ಪು, ಅಮೆರಿಕನ್ ಲೀಗ್‌ನದು ಕೆಂಪು ನೀಲಿ. ಅಮೆರಿಕನ್ ಲೀಗ್‌ನ ಡೆಟ್ರಾಯಿಟ್ ತಂಡದಲ್ಲಿ ಆಡಿದವನ ಬ್ಯಾಟಿನಲ್ಲಿ ನೀಲಿಯ ಸುಳಿವು ಕಂಡರೆ ಎಷ್ಟು ಖುಷಿ ಆಗುತ್ತೆ ಗೊತ್ತಾ! ಶೂ ಅಡಿಯ ಮಣ್ಣು ಉದುರಿಸಲು ಬ್ಯಾಟಿನಿಂದ ತಟ್ಟುತ್ತಿದ್ದರು, ಉಕ್ಕಿನ ಮೊಳೆಯ ಸಣ್ಣ ಕಚ್ಚುಗಳು ಅದರಿಂದ ಬಂದವು. ಹೊಟ್ಟೆಯ ಭಾಗ ಗಾಜಿನ ಹಾಗೆ ನುಣ್ಣಗಿದ್ದರೆ ಅದು ಮೂಳೆಯಿಂದ ಉಜ್ಜಿದ್ದು. ಹೊಸ ಕ್ರಿಕೆಟ್ ಬ್ಯಾಟನ್ನು ನಾವು ಮರದ ಸುತ್ತಿಗೆಯಿಂದ ಬಡಿದು ಹದ ಮಾಡುತ್ತೇವಲ್ಲ, ಅದೇ ಕೆಲಸಕ್ಕೆ ಅವರು ದನದ ಮೂಳೆ ಇಟ್ಟುಕೊಂಡಿದ್ದರು. ಕಾಬ್ ಇದರಲ್ಲಿ ಹೆಸರುವಾಸಿ. ಅವನು ಎರಡು ಕೈ ನಡುವೆ ಜಾಗ ಬಿಟ್ಟು ಹಿಡಿಯುತ್ತಿದ್ದ, ಹಿಡಿಯ ಸವೆತ ನೋಡುವಾಗ ಅದೂ ನೆನಪಿರಲಿ.

ಇನ್ನೊಂದು ಬಗೆ ಗುರುತಿದೆ, ಸಿಕ್ಕರೆ ಅದೃಷ್ಟ. ತನಗೆ ಒಗ್ಗಿದ ಬ್ಯಾಟ್ ಮುರಿದಾಗ ಅಂಥದ್ದೇ ಇನ್ನೊಂದು ಬೇಕು ಅಂತ ಆಟಗಾರ ಅದನ್ನು ಕಾರ್ಖಾನೆಗೆ ವಾಪಸ್ ಕಳಿಸುತ್ತಿದ್ದ. ಅಲ್ಲಿನವರು ಅದರ ಮಗ್ಗುಲಲ್ಲಿ ದಪ್ಪ ಪೆನ್ಸಿಲಿನಿಂದ ಅವನ ಹೆಸರು, ತಾರೀಕು ಬರೆದಿಡುತ್ತಿದ್ದರು. "ಸೈಡ್ ರೈಟಿಂಗ್" ಇರುವ ಬ್ಯಾಟ್ ಅಂತ ಕೇಳಿದರೆ ಇದೇ. ಕಾರ್ಖಾನೆಯವರೇ ಆ ಕಾಲದಲ್ಲೇ ಬರೆದ ಪುರಾವೆ, ಅದಕ್ಕಿಂತ ಇನ್ನೇನು ಬೇಕು. ಆದ್ದರಿಂದಲೇ ನಕಲಿ ಬರಹವೂ ಓಡಾಡುತ್ತದೆ. ಬರಹ ಬಿರುಕಿನ ಒಳಗೆ ಇಳಿದಿದ್ದರೆ, ಅಂದರೆ ಮರ ಒಣಗಿ ಸೀಳಿದ ಮೇಲೆ ಬರೆದ ಹಾಗಿದ್ದರೆ, ಹಿಂದೆ ಸರಿಯಿರಿ.

ಮೊಳೆ ಹೊಡೆದು ಟೇಪು ಸುತ್ತಿದ ಬ್ಯಾಟ್ ಕಂಡರೆ ಮೂಗು ಮುರಿಯಬೇಡಿ. ಬ್ಯಾಟ್ ಸೀಳಿದಾಗ ಹಾಗೆ ರಿಪೇರಿ ಮಾಡಿ ಪ್ರಾಕ್ಟೀಸಿಗೆ ಬಳಸುತ್ತಿದ್ದರು, ಇಲ್ಲವೇ ಕ್ಲಬ್‌ಹೌಸಿನ ಹುಡುಗನಿಗೆ ಕೊಡುತ್ತಿದ್ದರು. ಮನೆಗಳಲ್ಲಿ ಉಳಿದುಕೊಂಡ ಎಷ್ಟೋ ನಿಜವಾದ ಬ್ಯಾಟ್‌ಗಳು ಹೀಗೆ ಒಡೆದವೇ.

ನಾಲ್ಕನೇ ಹೆಜ್ಜೆ: ಜೆರ್ಸಿ

ಬೆನ್ನ ಮೇಲಿನ ನಂಬರ್ ಹುಡುಕಬೇಡಿ. 1929ರಲ್ಲಿ ಯಾಂಕೀಸ್ ಮತ್ತು ಕ್ಲೀವ್‌ಲ್ಯಾಂಡ್ ತಂಡ ಶುರು ಮಾಡುವ ತನಕ ಕಾಯಂ ನಂಬರ್ ಇರಲೇ ಇಲ್ಲ. ಅದಕ್ಕಿಂತ ಹಳೆಯದಾದರೆ ಕಾಲರ್ ಒಳಗೆ ಅಥವಾ ಕೆಳಗಿನ ಅಂಚಿನಲ್ಲಿ ಸರಪಳಿ ಹೊಲಿಗೆಯಲ್ಲಿ ಆಟಗಾರನ ಸರ್‌ನೇಮ್ ಇರುತ್ತದೆ. ಡೋಬಿಗೆ ಹಾಕಿದಾಗ ಕಲಬೆರಕೆ ಆಗದಿರಲಿ ಅಂತ. ಇಡೀ ಜೆರ್ಸಿಯ ಬೆಲೆ ಆ ಎರಡಿಂಚಿನ ನೂಲಿನ ಮೇಲೆ ನಿಂತಿದೆ. ಹಾಗಾಗಿ ಮೋಸವೂ ಅಲ್ಲೇ. ಯಾರೋ ಅನಾಮಧೇಯ ಆಟಗಾರನ ಹೆಸರು ಕಿತ್ತು ದೊಡ್ಡವನ ಹೆಸರು ಹೊಲಿದಿದ್ದಾರಾ? ಬಟ್ಟೆಯ ಹಿಂದೆ ಟಾರ್ಚ್ ಹಿಡಿದು ನೋಡಿ. ಹಳೇ ಸೂಜಿ ತೂತು ಕಾಣುತ್ತವೆ. ಕಿತ್ತ ಅಕ್ಷರದ ಜಾಗದಲ್ಲಿ ಬಣ್ಣ ಮಾಸಿರುವುದಿಲ್ಲ, ನೆರಳಿನ ಹಾಗೆ ಉಳಿದಿರುತ್ತದೆ. ಈ ನೆರಳು ಒಳ್ಳೆಯ ಸುದ್ದಿಯೂ ಆಗಬಹುದು: ಮೈನರ್ ಲೀಗ್ ಅಕ್ಷರದ ಕೆಳಗೆ ದೊಡ್ಡ ತಂಡದ ಅಕ್ಷರದ ನೆರಳು ಕಂಡರೆ ಆ ಜೆರ್ಸಿಯ ಮೊದಲ ಜನ್ಮ ಸಿಕ್ಕಿತು ಅಂತ.

ಬಟ್ಟೆ ಉಣ್ಣೆಯ ಫ್ಲ್ಯಾನಲ್. ಒಳಗೆ ಸ್ಪಾಲ್ಡಿಂಗ್, ರೀಚ್ ಥರದ ಕಂಪನಿಯ ಚೀಟಿ. ಪ್ರತಿ ಕಂಪನಿಯ ಚೀಟಿ ಕಾಲಕಾಲಕ್ಕೆ ಬದಲಾಗಿದೆ, ಆದ್ದರಿಂದ ದಿನಾಂಕ ಖಚಿತವಿರುವ ಜೆರ್ಸಿಗಳ ಚೀಟಿಯ ಚಿತ್ರ ಕೂಡಿಸಿಟ್ಟುಕೊಳ್ಳಿ. ಕಾಲರ್ ನೋಡಿದರೂ ಕಾಲ ಅಂದಾಜಾಗುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಎದೆಗೆ ಲಾಡಿ ಕಟ್ಟುವ, ಕಾಲರ್ ಇರುವ ಅಂಗಿ ಮಾಮೂಲು. ಆಮೇಲೆ ಗುಂಡಿ ಬಂತು, ಕಾಲರ್ ಸಣ್ಣದಾಗುತ್ತಾ ಹೋಗಿ ಕೊನೆಗೆ ಮಾಯವಾಯಿತು.

ಅಂಗಡಿಯವರು ನೋಟು ಖೋಟಾನಾ ಅಂತ ನೋಡುವ ನೀಲಿ ದೀಪ ಇದೆಯಲ್ಲ, ಆ ಯುವಿ ಟಾರ್ಚ್ ಒಂದು ಇಟ್ಟುಕೊಳ್ಳಿ. ಕತ್ತಲೆ ಕೋಣೆಯಲ್ಲಿ ಜೆರ್ಸಿ ಮೇಲೆ ಬಿಟ್ಟಾಗ ನೂಲು ಅಥವಾ ಚೀಟಿ ಬೆಳ್ಳಗೆ ಹೊಳೆದರೆ, ಎರಡನೇ ಮಹಾಯುದ್ಧದ ಹೊತ್ತಿಗೆ, ಆಮೇಲೆ ಬಳಕೆಗೆ ಬಂದ ಬಿಳುಪು ರಾಸಾಯನಿಕ ಅದರಲ್ಲಿದೆ ಅಂತ ಅರ್ಥ. ಆದರೆ ಅಜ್ಜಿ ಯಾರೋ ಹಳೇ ಜೆರ್ಸಿಯನ್ನು ಹೊಸ ಡಿಟರ್ಜೆಂಟಿನಲ್ಲಿ ಒಗೆದಿದ್ದರೂ ಅದು ಹೊಳೆಯುತ್ತದೆ. ಆಗ ಇಡೀ ಬಟ್ಟೆ ಒಂದೇ ಸಮ ಹೊಳೆಯಬೇಕು. ಹೆಸರಿನ ನೂಲು ಮಾತ್ರ ಹೊಳೆದು ಮಿಕ್ಕಿದ್ದು ಮಂಕಾಗಿದ್ದರೆ ಆ ನೂಲು ಹೊಸದು.

ದೊಡ್ಡವರೂ ಇಲ್ಲಿ ಬಿದ್ದಿದ್ದಾರೆ. ಜೋ ಜಾಕ್ಸನ್ 1919ರಲ್ಲಿ ತೊಟ್ಟಿದ್ದು ಅಂತ ನಂಬಿದ್ದ ಒಂದು ಜೆರ್ಸಿ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್ ಮ್ಯೂಸಿಯಂ ಸೇರಿತ್ತು. 2010ರಲ್ಲಿ ಪರೀಕ್ಷೆ ಮಾಡಿಸಿದಾಗ ಅದರಲ್ಲಿ ಅಕ್ರಿಲಿಕ್ ಸಿಕ್ಕಿತು. 1919ರಲ್ಲಿ ಅಕ್ರಿಲಿಕ್ ನೂಲು ಇನ್ನೂ ಹುಟ್ಟಿರಲಿಲ್ಲ. ಮ್ಯೂಸಿಯಂನ ಗಾಜಿನ ಪೆಟ್ಟಿಗೆಯೊಳಗೆ ಹೋದದ್ದೇ ಹೀಗಾದರೆ ಇಬೇಯಲ್ಲಿ ಕಾಣುವುದರ ಬಗ್ಗೆ ನಾನೇನು ಹೇಳಲಿ.

ಐದನೇ ಹೆಜ್ಜೆ: ಗ್ಲೌಸ್, ಚೆಂಡು, ಮುಖವಾಡ

ಇಲ್ಲಿ ಬೇಗ ಹೋಗೋಣ. ಯಾಕೆಂದರೆ ಇವುಗಳಲ್ಲಿ "ಇಂಥವನೇ ಬಳಸಿದ್ದು" ಅಂತ ತೋರಿಸುವುದು ಬಹಳ ಕಷ್ಟ. ಕಾಲ ಮಾತ್ರ ಚೆನ್ನಾಗಿ ಹೇಳಬಹುದು.

1870ರ ದಶಕದಲ್ಲಿ ಗ್ಲೌಸ್ ಹಾಕುವುದೇ ನಾಚಿಕೆಯ ವಿಷಯ. ಚಾರ್ಲ್ಸ್ ವೇಟ್ 1875ರಲ್ಲಿ ಮೈಬಣ್ಣದ ಗ್ಲೌಸ್ ಹಾಕಿದ್ದು ಯಾರಿಗೂ ಕಾಣದಿರಲಿ ಅಂತ. ಎರಡು ವರ್ಷದ ಮೇಲೆ ಆಲ್ಬರ್ಟ್ ಸ್ಪಾಲ್ಡಿಂಗ್ ರಾಜಾರೋಷವಾಗಿ ಕಪ್ಪು ಗ್ಲೌಸ್ ಹಾಕಿದರು. ಅಷ್ಟು ಹೊತ್ತಿಗೆ ಅವರದೇ ಕ್ರೀಡಾ ಸಾಮಾನಿನ ವ್ಯಾಪಾರ ಇತ್ತು, ನಾಚಿಕೆ ಬಿಡೋಕೆ ಕಾರಣವೂ ಇತ್ತು ಅನ್ನಿ. ಆಗಿನವು ಬೆರಳ ತುದಿ ಕತ್ತರಿಸಿದ, ಕೂಲಿಯವರು ಹಾಕುವಂಥ ಗ್ಲೌಸ್. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಚರ್ಮದ ದಾರ ಹೆಣೆದ ಬಲೆ ಬಂದದ್ದು 1920ರ ಸುಮಾರಿಗೆ, ಬಿಲ್ ಡೋಕ್ ಎಂಬ ಪಿಚರ್‌ನ (ಬ್ಯಾಟ್ಸ್‌ಮನ್‌ಗೆ ಚೆಂಡು ಎಸೆಯುವವನ) ವಿನ್ಯಾಸ. ಬೆರಳುಗಳನ್ನೂ ಒಂದಕ್ಕೊಂದು ದಾರದಿಂದ ಬಿಗಿಯುವುದು ಇನ್ನೂ ಆಮೇಲಿನದು. ಬೆರಳೆಲ್ಲ ಬಿಗಿದ ಗ್ಲೌಸ್ ತೋರಿಸಿ 1912 ಅಂದರೆ ನಂಬಬೇಡಿ. ಇನ್ನೊಂದು ವಿಷಯ: 1954ರವರೆಗೂ ಆಟಗಾರರು ಬ್ಯಾಟಿಂಗಿಗೆ ಹೋಗುವಾಗ ಗ್ಲೌಸನ್ನು ಮೈದಾನದಲ್ಲೇ ಎಸೆದು ಹೋಗುತ್ತಿದ್ದರು. ಬಿಸಿಲು, ಧೂಳು ತಿಂದ ಗ್ಲೌಸ್ ಒಳಗೂ ಹೊರಗೂ ಒರಟಾಗಿರಬೇಕು.

ಬ್ಯಾಟ್ಸ್‌ಮನ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಮುಖಕ್ಕೆ ಹಾಕುವ ತಂತಿ ಮುಖವಾಡಕ್ಕೆ 1878ರಲ್ಲಿ ಪೇಟೆಂಟ್ ಸಿಕ್ಕಿತು. ಇಂಥ ವಸ್ತುವಿನ ಮೇಲೆ ಪೇಟೆಂಟ್ ತಾರೀಕು ಒತ್ತಿದ್ದರೆ ಅದು ಮಾಡಿದ ವರ್ಷ ಅಲ್ಲ, ಅದಕ್ಕಿಂತ ಹಳೆಯದಲ್ಲ ಅಂತ ಮಾತ್ರ. ಮೂವತ್ತು ವರ್ಷ ಅದೇ ತಾರೀಕು ಒತ್ತಿರಬಹುದು. ಚೆಂಡಿನ ಮೇಲೆ ಲೀಗ್ ಅಧ್ಯಕ್ಷರ ಹೆಸರು ಇದ್ದರೆ ಕಾಲ ಸುಲಭ: ಅಮೆರಿಕನ್ ಲೀಗ್‌ಗೆ ಬ್ಯಾನ್ ಜಾನ್ಸನ್ 1927ರವರೆಗೆ, ನ್ಯಾಷನಲ್ ಲೀಗ್‌ಗೆ ಜಾನ್ ಹೈಡ್ಲರ್ 1918ರಿಂದ 1934.

ನೀಗ್ರೊ ಲೀಗ್ ಅಂತ ಆಗ ಕರೆಯುತ್ತಿದ್ದ ಕಪ್ಪು ಆಟಗಾರರ ಲೀಗ್‌ಗಳ ಸಾಮಾನು ಎಲ್ಲಕ್ಕಿಂತ ಅಪರೂಪ. ರೂಬ್ ಫಾಸ್ಟರ್ 1920ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ನೀಗ್ರೊ ನ್ಯಾಷನಲ್ ಲೀಗ್ ಕಟ್ಟಿದರು. ಆ ತಂಡಗಳು ಊರೂರು ತಿರುಗಿ ದಿನಾ ಆಡುತ್ತಿದ್ದವು, ದುಡ್ಡು ಕಮ್ಮಿ, ಬಟ್ಟೆ ಚಿಂದಿ ಆಗುವ ತನಕ ಬಳಕೆ. ಹೀಗಿರುವಾಗ ಮಾರುಕಟ್ಟೆಯಲ್ಲಿ ಗರಿಗರಿ ಜೆರ್ಸಿ ಕಂಡರೆ ಎರಡು ಸಲ ಅಲ್ಲ, ಹತ್ತು ಸಲ ಯೋಚಿಸಿ.

ಆರನೇ ಹೆಜ್ಜೆ: ಕತೆಯನ್ನು ಪತ್ರಿಕೆಯಲ್ಲಿ ಹುಡುಕಿ

"ನಮ್ಮ ಮುತ್ತಜ್ಜನಿಗೆ ಕಾಬ್ ಕೈಯಾರೆ ಕೊಟ್ಟದ್ದು" ಅಂತ ನೋಟರಿ ಸಹಿ ಇರುವ ಪತ್ರ ತೋರಿಸುತ್ತಾರೆ. ನೋಟರಿ ಸಾಕ್ಷಿ ಹೇಳುವುದು ಸಹಿಗೆ, ಕತೆಗಲ್ಲ. ಕುಟುಂಬದವರು ಸುಳ್ಳೇ ಹೇಳುತ್ತಾರೆ ಅಂತಲ್ಲ. ಮೂರು ತಲೆಮಾರು ಬಾಯಿಂದ ಬಾಯಿಗೆ ಹೋದ ಮಾತು ಅಡಗೂಲಜ್ಜಿ ಕತೆ ಆಗಿಬಿಡುತ್ತದೆ. ಮುತ್ತಜ್ಜ ಎಲ್ಲಿದ್ದ? ಯಾವ ವರ್ಷ? ಆ ವರ್ಷ ಆ ತಂಡ ಆ ಊರಿಗೆ ಬಂದಿತ್ತಾ? ಇದನ್ನು ಮನೆಯಲ್ಲೇ ಕೂತು ನೋಡಬಹುದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಹಳೇ ದಿನಪತ್ರಿಕೆಗಳನ್ನು ಉಚಿತವಾಗಿ ಆನ್‌ಲೈನ್ ಇಟ್ಟಿದೆ, 1889ರಿಂದ 1939ರವರೆಗಿನ ಸ್ಪಾಲ್ಡಿಂಗ್ ಕಂಪನಿಯ ಬೇಸ್‌ಬಾಲ್ ಗೈಡು ಪುಸ್ತಕಗಳೂ ಅಲ್ಲೇ ಇವೆ. ಅದರ ಜಾಹೀರಾತು ಪುಟಗಳೇ ನನಗೆ ಆವತ್ತು ಗ್ಲೌಸಿನ ಸತ್ಯ ಹೇಳಿದ್ದು. ಪಂದ್ಯಗಳ ವಿವರಕ್ಕೆ ಬೇಸ್‌ಬಾಲ್ ರೆಫರೆನ್ಸ್ ಮತ್ತು ರೆಟ್ರೊಶೀಟ್ ವೆಬ್‌ಸೈಟ್ ನೋಡಿ.

ಫೋಟೊ ಹೋಲಿಸಲು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರುವ, ಬೇನ್ ಎಂಬ ಹಳೇ ಸುದ್ದಿಚಿತ್ರ ಸಂಸ್ಥೆಯ ಸಂಗ್ರಹ ಚಿನ್ನದ ಗಣಿ. ಗಾಜಿನ ನೆಗೆಟಿವ್, ದೊಡ್ಡದು ಮಾಡಿದರೆ ಹೊಲಿಗೆ ಕೂಡ ಎಣಿಸಬಹುದು. ಬ್ಯಾಟಿನಲ್ಲಾದರೆ ಮರದ ಎಳೆ ಬೆರಳಚ್ಚು ಇದ್ದ ಹಾಗೆ, ಒಂದರ ಥರ ಇನ್ನೊಂದಿಲ್ಲ. ಜೆರ್ಸಿಯಲ್ಲಿ ಗೆರೆಗಳು ಹೊಲಿಗೆ ಸೇರುವ ಜಾಗ, ಅಕ್ಷರದ ವಾಲಿಕೆ, ತೇಪೆ ನೋಡಿ. ಒಂದು ಮುಖ್ಯ ಎಚ್ಚರಿಕೆ: ಆ ಕಾಲದ ಪ್ಲೇಟುಗಳಿಗೆ ಕೆಂಪು ಬಣ್ಣ ಸರಿಯಾಗಿ ತಾಕುತ್ತಿರಲಿಲ್ಲ. ಕೆಂಪು ಕಾಲುಚೀಲ ಕಪ್ಪಾಗಿ ಕಾಣುತ್ತದೆ, ತಿಳಿ ನೀಲಿ ಬಿಳಿಯಾಗಿ ಕಾಣುತ್ತದೆ. ಫೋಟೊದಲ್ಲಿ ಕಪ್ಪಿದೆ, ಇದು ಕೆಂಪು, ಹಾಗಾಗಿ ಅಲ್ಲ ಅಂತ ಒಳ್ಳೆ ವಸ್ತುವನ್ನು ಕೈಬಿಟ್ಟವರಿದ್ದಾರೆ.

"ಸ್ಟೈಲ್ ಮ್ಯಾಚ್" ಅಂದರೆ ಅದೇ ಮಾದರಿ. "ಫೋಟೊ ಮ್ಯಾಚ್" ಅಂದರೆ ಅದೇ ವಸ್ತು. ಮಾರುವವರು ಮೊದಲನೆಯದನ್ನು ಎರಡನೆಯದರ ದನಿಯಲ್ಲಿ ಹೇಳುತ್ತಾರೆ. ಇದಕ್ಕೇ ಅಂತ ಮೇಗ್ರೇ, ರೆಸಲ್ಯೂಶನ್ ಫೋಟೊಮ್ಯಾಚಿಂಗ್ ಥರದ ಸಂಸ್ಥೆಗಳಿವೆ. ಬ್ಯಾಟಿಗೆ ಪಿಎಸ್‌ಎ ಎಂಬ ಪರಿಶೀಲನಾ ಸಂಸ್ಥೆ ಗ್ರೇಡ್ ಕೊಡುತ್ತದೆ. ಸರ್ಟಿಫಿಕೇಟ್ ಸಿಕ್ಕಾಗ ಕೊನೆಯ ಅಂಕೆ ಮಾತ್ರ ನೋಡಬೇಡಿ, ಏನು ನೋಡಿ ಹಾಗೆ ಹೇಳಿದರು ಅನ್ನುವ ಪ್ಯಾರಾ ಓದಿ. ಆ ಪ್ಯಾರಾ ಇಲ್ಲದ ಸರ್ಟಿಫಿಕೇಟ್ ನನ್ನ ಲೆಕ್ಕದಲ್ಲಿ ಬರೀ ಕಾಗದ.

ಏಳನೇ ಹೆಜ್ಜೆ: ಹರಾಜಿನಲ್ಲಿ ಕೊಳ್ಳುವುದು

ಹೆರಿಟೇಜ್, ರಾಬರ್ಟ್ ಎಡ್ವರ್ಡ್, ಹಂಟ್, ಎಸ್‌ಸಿಪಿ, ಲೀಲ್ಯಾಂಡ್ಸ್ ಇವು ದೊಡ್ಡ ಹೆಸರು. ನೀವು ಕೂಗಿದ ಬೆಲೆಯೇ ಕೊನೆಯ ಬೆಲೆ ಅಲ್ಲ. ಅದರ ಮೇಲೆ ಬೈಯರ್ಸ್ ಪ್ರೀಮಿಯಂ ಅಂತ ಶೇಕಡಾ 20ರ ಆಸುಪಾಸು, ಆಮೇಲೆ ತೆರಿಗೆ, ಆಮೇಲೆ ಸಾಗಣೆ. ಸಾವಿರ ಡಾಲರ್ ಇದೆ ಅಂದರೆ ಏಳುನೂರರ ಆಸುಪಾಸಿಗೆ ನಿಲ್ಲಿಸಿ. ಎಷ್ಟಕ್ಕೆ ನಿಲ್ಲಿಸುತ್ತೀರಿ ಅಂತ ಮೊದಲೇ ಕಾಗದದಲ್ಲಿ ಬರೆದಿಡಿ, ರಾತ್ರಿ ಹನ್ನೆರಡಕ್ಕೆ ಪೈಪೋಟಿ ಏರಿದಾಗ ಬುದ್ಧಿ ನೆಟ್ಟಗಿರಲ್ಲ. ಬೆಲೆ ಏರಿಸಲು ಸುಳ್ಳು ಬಿಡ್ ಹಾಕಿಸಿದ ಒಂದು ಹೆಸರಾಂತ ಹರಾಜು ಸಂಸ್ಥೆಯ ಮುಖ್ಯಸ್ಥನಿಗೆ 2015ರಲ್ಲಿ 20 ತಿಂಗಳ ಜೈಲಾಯಿತು. ಅಂಥದ್ದೂ ನಡೆದಿದೆ.

ವಸ್ತು ಎಲ್ಲಿಂದ ಬಂತು ಅಂತ ಕೇಳಲು ಇನ್ನೊಂದು ಕಾರಣ, ಕಳ್ಳಮಾಲು. ಪೆನ್ಸಿಲ್ವೇನಿಯಾದ ಕೀಸ್ಟೋನ್ ಕಾಲೇಜಿನಿಂದ ಹೆಸರಾಂತ ಪಿಚರ್ ಕ್ರಿಸ್ಟಿ ಮ್ಯಾಥ್ಯೂಸನ್ ಜೆರ್ಸಿ 1999ರಲ್ಲಿ ಕಳುವಾಗಿತ್ತು. ಮ್ಯೂಸಿಯಂಗಳನ್ನೇ ಗುರಿ ಮಾಡಿಕೊಂಡ ಒಂದು ತಂಡದ ಮೇಲೆ 2023ರಲ್ಲಿ ಕೇಸು ಹಾಕಿದಾಗ ಅದೂ ಪಟ್ಟಿಯಲ್ಲಿತ್ತು. ಕದ್ದ ಮಾಲು ಗೊತ್ತಿಲ್ಲದೆ ಕೊಂಡರೂ ಅದು ನಿಮ್ಮದಾಗುವುದಿಲ್ಲ, ದುಡ್ಡೂ ಹೋಗುತ್ತದೆ. ಬಿಲ್ಲಿನಲ್ಲಿ "ಪಂದ್ಯದಲ್ಲಿ ಬಳಸಿದ್ದು, ಇಂಥ ಆಟಗಾರನದು, ಸುಳ್ಳಾದರೆ ವಾಪಸ್" ಅಂತ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೆ ಬಿಟ್ಟುಬಿಡಿ. ಹೆಸರಿಲ್ಲದ, ಆದರೆ ಕಾಲ ಖಚಿತವಾದ ಮೈನರ್ ಲೀಗ್ ಜೆರ್ಸಿ ನನಗೆ ಅನುಮಾನದ ರೂತ್ ಬ್ಯಾಟಿಗಿಂತ ಇಷ್ಟ. ರಾತ್ರಿ ನಿದ್ದೆ ಬರುತ್ತೆ.

ಊರಿಗೆ ತರಿಸಿಕೊಳ್ಳುವವರು ಕಸ್ಟಮ್ಸ್ ಸುಂಕ ಎಷ್ಟಾಗುತ್ತದೆ ಅಂತ ಮೊದಲೇ ವಿಚಾರಿಸಿ. ಬೆಲೆ ಕಡಿಮೆ ತೋರಿಸಿ ಕಳಿಸಿ ಅಂತ ಮಾರುವವರಿಗೆ ಹೇಳಲೇಬೇಡಿ. ದಾರಿಯಲ್ಲಿ ಕಳೆದರೆ ವಿಮೆಯೂ ಅಷ್ಟೇ ಸಿಗುವುದು.

ಕೊನೆಯದು: ಇಟ್ಟುಕೊಳ್ಳುವುದು

ಒರೆಸಬೇಡಿ. ಬ್ಯಾಟಿನ ಮೇಲಿನ ಕೊಳೆ, ಕೈ ಜಾರದಿರಲಿ ಅಂತ ಹಿಡಿಗೆ ಹಚ್ಚಿದ ಪೈನ್ ಟಾರ್ ಅಂಟು, ತಂಬಾಕಿನ ಕಲೆ, ಇವೇ ನಿಮ್ಮ ಪುರಾವೆ. ಪಾಲಿಶ್ ಹಾಕಿದ ದಿನ ಅದು ಬರೀ ಕೋಲು. ಹಳೇ ಗ್ಲೌಸ್‌ಗೆ ಎಣ್ಣೆ ಹಚ್ಚುವವರು ಬೇಕಾದಷ್ಟು ಜನ ಇದ್ದಾರೆ, ನಾನು ಹಚ್ಚುವುದಿಲ್ಲ. ಎಣ್ಣೆ ಕುಡಿದ ಚರ್ಮ ಕಪ್ಪಾಗುತ್ತದೆ, ಒತ್ತಿದ ಅಕ್ಷರ ಮುಚ್ಚಿಹೋಗುತ್ತದೆ, ಧೂಳು ಅಂಟುತ್ತದೆ. ಚರ್ಮ ಕೆಂಪು ಪುಡಿಯಾಗಿ ಉದುರುತ್ತಿದ್ದರೆ ಅದು ಎಣ್ಣೆಗೆ ಬಗ್ಗುವ ಕಾಯಿಲೆ ಅಲ್ಲ, ಮ್ಯೂಸಿಯಂ ಕೆಲಸ ಗೊತ್ತಿರುವವರಿಗೆ ತೋರಿಸಿ.

ಉಣ್ಣೆ ಜೆರ್ಸಿಯನ್ನು ಹ್ಯಾಂಗರಿಗೆ ನೇತುಹಾಕಬೇಡಿ, ತನ್ನ ಭಾರಕ್ಕೆ ಭುಜ ಹರಿಯುತ್ತದೆ. ಆಮ್ಲವಿಲ್ಲದ ಟಿಶ್ಯೂ ಹಾಳೆ ಹಾಸಿ ಅಗಲವಾಗಿ ಮಲಗಿಸಿ. ಮಡಿಸಲೇಬೇಕಾದರೆ ಮಡಿಕೆಯೊಳಗೂ ಹಾಳೆ ಉಂಡೆ ಮಾಡಿಡಿ. ನಮ್ಮಮ್ಮ ರೇಷ್ಮೆ ಸೀರೆಯನ್ನು ಆರು ತಿಂಗಳಿಗೊಮ್ಮೆ ಬಿಚ್ಚಿ ಮಡಿಕೆ ಬದಲಿಸಿ ಇಡುತ್ತಾರಲ್ಲ, ಅದನ್ನೇ ಮಾಡಿ. ನುಸಿಗುಳಿಗೆ ಮಾತ್ರ ಬೇಡ, ವಾಸನೆ ಜನ್ಮದಲ್ಲಿ ಹೋಗಲ್ಲ. ಹುಳ ಬಿದ್ದ ಅನುಮಾನ ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಆಡದಂತೆ ಮುಚ್ಚಿ, ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಒಂದೆರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ನೀರು ಬಟ್ಟೆ ಮೇಲೆ ಕೂರುತ್ತದೆ.

ಮಂಗಳೂರು, ಮಲೆನಾಡಿನ ಕಡೆ ಮನೆ ಇದ್ದರೆ ಮಳೆಗಾಲವೇ ಶತ್ರು. ಚರ್ಮ, ಉಣ್ಣೆ ಎರಡಕ್ಕೂ ವಾರದಲ್ಲಿ ಬೂಷ್ಟು ಬರುತ್ತದೆ. ಮುಚ್ಚಿದ ಡಬ್ಬಿ, ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಸಣ್ಣ ಮೀಟರ್ ಇಡಿ. ಶೇಕಡಾ 50ರ ಆಸುಪಾಸು ಇದ್ದರೆ ಸಾಕು. ಬಿಸಿಲು ಬೀಳುವ ಗೋಡೆಯ ಮೇಲೆ ಫ್ರೇಮ್ ಹಾಕಿ ತೂಗಿಸುವ ಆಸೆ ಎಲ್ಲರಿಗೂ ಬರುತ್ತದೆ, ಎರಡು ವರ್ಷದಲ್ಲಿ ಬಣ್ಣ ಹೋಗಿರುತ್ತದೆ.

ಪ್ರತಿ ವಸ್ತುವಿಗೂ ಒಂದು ಫೈಲ್ ಮಾಡಿ. ಬಿಲ್ಲು, ಕುಟುಂಬದ ಪತ್ರ, ಹೋಲಿಸಿದ ಫೋಟೊ, ತೂಕ, ಅಳತೆ, ನೀಲಿ ದೀಪದಲ್ಲಿ ಏನು ಕಂಡಿತು, ಯಾವ ಪತ್ರಿಕೆಯ ಯಾವ ತಾರೀಕಿನಲ್ಲಿ ಏನು ಸಿಕ್ಕಿತು, ಎಲ್ಲ ಅದರಲ್ಲಿ. ಅನುಮಾನಗಳನ್ನೂ ಬರೆಯಿರಿ. ನನ್ನ ಪೆನ್ನಿನ ಗ್ಲೌಸಿಗೂ ಒಂದು ಫೈಲ್ ಇದೆ. ಮೊದಲ ಪುಟದಲ್ಲಿ ಗೈಡಿನ ಜಾಹೀರಾತು, ಅದರ ಕೆಳಗೆ ಆರುನೂರು ಡಾಲರ್‌ನ ರಸೀದಿ.